ಜಮಾಅತಿನ ಜಾಲತಾಣ: ಕೀಲಿಕೈ ಯಾರ ಕೈಯಲ್ಲಿರಬೇಕು?

ಕಳೆದ ರಮಝಾನಿನ ಮೊದಲ ವಾರದಲ್ಲಿ ಒಬ್ಬ ತಾಯಿ ನನಗೆ ಫೋನು ಮಾಡಿದರು. ಅವರ ಮಗಳು ನಮ್ಮ ಮದ್ರಸಾದಲ್ಲಿ ಕಲಿತವಳು. ಇಫ್ತಾರಿನ ವೇಳೆ ನೋಡಿಕೊಳ್ಳಲೆಂದು ಆ ಹುಡುಗಿ ತಮ್ಮ ಊರಿನ ಜಮಾಅತಿನ ಜಾಲತಾಣವನ್ನು ತೆರೆದಿದ್ದಳು. ವೇಳಾಪಟ್ಟಿ ಇರಬೇಕಾದ ಜಾಗದಲ್ಲಿ ಜೂಜಾಟದ ಜಾಹೀರಾತುಗಳು ತುಂಬಿದ್ದವು. "ಮೌಲಾನಾ, ನಮ್ಮ ಮಸೀದಿಯ ಹೆಸರಿನಲ್ಲಿ ಇದು ಹೇಗೆ ಬಂತು? ಮಗಳು ಏನೋ ತಪ್ಪು ಮಾಡಿದಳೆಂದು ನಾನು ಅವಳನ್ನೇ ಗದರಿದೆ" ಎಂದು ಆ ತಾಯಿ ಅಳುವ ಧ್ವನಿಯಲ್ಲಿ ಹೇಳಿದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಐದು ವರ್ಷಗಳ ಹಿಂದೆ ಆ ಜಮಾಅತಿನವರು ಊರಿನ ಒಬ್ಬ ಉತ್ಸಾಹಿ ಯುವಕನಿಗೆ ಜಾಲತಾಣ ಕಟ್ಟುವ ಕೆಲಸ ವಹಿಸಿದ್ದರು. ಅವನು ಹಣ ತೆಗೆದುಕೊಳ್ಳದೆ, ರಾತ್ರಿಯೆಲ್ಲ ಕುಳಿತು ಅಂದವಾಗಿ ಕಟ್ಟಿಕೊಟ್ಟ. ಡೊಮೈನ್ ಎಂದು ಕರೆಯುವ ವಿಳಾಸವನ್ನು ತನ್ನ ಸ್ವಂತ ಇಮೇಲಿನಲ್ಲಿ, ತನ್ನದೇ ಕಾರ್ಡಿನಿಂದ ಖರೀದಿಸಿದ. ಎರಡು ವರ್ಷಗಳ ನಂತರ ಉದ್ಯೋಗಕ್ಕೆಂದು ಕೊಲ್ಲಿ ದೇಶಕ್ಕೆ ಹೋದ, ಅವನ ಫೋನ್ ನಂಬರು ಬದಲಾಯಿತು. ವಿಳಾಸವನ್ನು ನವೀಕರಿಸಬೇಕೆಂಬ ಸೂಚನೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದವು. ಅವಧಿ ಮುಗಿದ ವಿಳಾಸವನ್ನು ಯಾರೋ ಕೊಂಡುಕೊಂಡು ತಮ್ಮ ವ್ಯಾಪಾರಕ್ಕೆ ಬಳಸಿದರು. ಇಂತಹ ಬಿಟ್ಟುಹೋದ ವಿಳಾಸಗಳನ್ನು ಹುಡುಕಿ ಕೊಳ್ಳುವವರು ಲೋಕದಲ್ಲಿ ಬಹಳ ಜನರಿದ್ದಾರೆ.

ಇಲ್ಲಿ ಮೋಸಗಾರರೆಂದು ಯಾರನ್ನೂ ತೋರಿಸುವಂತಿಲ್ಲ. ಆ ಯುವಕ ಪ್ರಾಮಾಣಿಕ, ಸಮಿತಿಯವರೂ ಪ್ರಾಮಾಣಿಕರು. ಆದರೂ ಒಂದು ಅಮಾನತ್ತು ಕೈತಪ್ಪಿ ಹೋಯಿತು. ಮುಂದೆ ಅದೇ ಸಮಿತಿ ಹೊಸ ಜಾಲತಾಣದ ಬಗ್ಗೆ ಸಮಾಲೋಚಿಸಲು ಸೇರಿದಾಗ ನನ್ನನ್ನೂ ಕರೆದಿದ್ದರು. ಯಾವ ಸಾಧನದಲ್ಲಿ ಬಣ್ಣ ಚೆನ್ನಾಗಿದೆ, ಯಾವುದು ಪುಕ್ಕಟೆ, ಯಾವುದರಲ್ಲಿ ಚಿತ್ರಗಳು ಚಲಿಸುತ್ತವೆ ಎಂಬ ಚರ್ಚೆ ಇಶಾ ನಮಾಝಿನವರೆಗೆ ನಡೆಯಿತು. ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಯಾರೂ ಕೇಳಲಿಲ್ಲ. ಅಂದು ನಾನು ಅರ್ಧ ಮಾತ್ರ ಹೇಳಲು ಸಾಧ್ಯವಾದ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕೋಡಿಂಗ್ ಬಾರದವರು ಜಾಲತಾಣ ಕಟ್ಟುವುದು ಈಗ ಅಚ್ಚರಿಯ ವಿಷಯವಲ್ಲ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು, ಪಾಠಶಾಲೆಯಲ್ಲಿ ಕುಳಿತು ಓದದಿದ್ದರೂ ಕಾವ್ಯ ಕಟ್ಟಬಲ್ಲ ಜನರೆಂದು ಕನ್ನಡಿಗರನ್ನು ಮೆಚ್ಚಿಕೊಂಡಿದೆ. ಅದೇ ನೆಲದ ನಮ್ಮ ಮಕ್ಕಳು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು, ಶಹಾಬಾದಿನ ಕಲ್ಲುಗಣಿಗಳಲ್ಲಿ ಬೆವರು ಸುರಿಸುವವರ ಮಕ್ಕಳು, ಮೊಬೈಲಿನಲ್ಲಿಯೇ ಒಂದು ಪುಟವನ್ನು ಸಂಜೆಯೊಳಗೆ ಸಿದ್ಧಪಡಿಸುತ್ತಾರೆ. ಕಟ್ಟುವ ಸಾಮರ್ಥ್ಯ ನಮ್ಮಲ್ಲಿ ಧಾರಾಳವಾಗಿದೆ. ಕಟ್ಟಿದ್ದನ್ನು ಕಾಯುವ ಏರ್ಪಾಡು ಮಾತ್ರ ಇಲ್ಲ. ಆದ್ದರಿಂದ ಸಾಧನವನ್ನು ಆರಿಸುವಾಗ ಕಟ್ಟುವ ಸುಲಭಕ್ಕಿಂತ ಕಾಯುವ ಸುಲಭವನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮಕ್ಕಾ ವಿಜಯದ ದಿನವನ್ನು ನೆನಪಿಸಿಕೊಳ್ಳಿರಿ. ಕಅಬಾದ ಕೀಲಿಕೈ ಉಸ್ಮಾನ್ ಬಿನ್ ತಲ್ಹಾ(ರ)ರ ಮನೆತನದಲ್ಲಿತ್ತು. ಅಂದು ಇಡೀ ನಗರ ಪ್ರವಾದಿವರ್ಯರ(ಸ) ಅಧೀನಕ್ಕೆ ಬಂದಿತ್ತು. ಆ ಗೌರವ ತಮಗೆ ಸಿಗಲೆಂದು ಬಯಸಿದ ಆಪ್ತರೂ ಇದ್ದರು. ಆದರೂ ಪ್ರವಾದಿವರ್ಯರು(ಸ) ಕೀಲಿಕೈಯನ್ನು ಅದರ ಹಕ್ಕುದಾರನಾದ ಉಸ್ಮಾನ್ ಬಿನ್ ತಲ್ಹಾ(ರ)ರಿಗೇ ಮರಳಿಸಿದರು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಆದೇಶಿಸುವ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೇ ವಚನವನ್ನು ವಿವರಿಸುವಾಗ ಅನೇಕ ವ್ಯಾಖ್ಯಾನಕಾರರು ಈ ಘಟನೆಯನ್ನೇ ಉಲ್ಲೇಖಿಸಿದ್ದಾರೆ. ಕೀಲಿಕೈ ಯಾರ ಬಳಿ ಇದೆಯೆಂದು ಊರಿಗೆಲ್ಲ ಗೊತ್ತಿರಬೇಕು. ಇಟ್ಟುಕೊಂಡವನು ಅದು ತನ್ನ ಸ್ವತ್ತಲ್ಲವೆಂದು ಅರಿತಿರಬೇಕು. ಈ ಎರಡು ಪಾಠಗಳನ್ನು ನಾವು ಮಸೀದಿಯ ಬಾಗಿಲಿಗೆ ಅನ್ವಯಿಸುತ್ತೇವೆ, ಹುಂಡಿಗೆ ಅನ್ವಯಿಸುತ್ತೇವೆ, ಜಾಲತಾಣದ ಪಾಸ್‌ವರ್ಡಿಗೆ ಮಾತ್ರ ಅನ್ವಯಿಸುವುದಿಲ್ಲ.

ಈ ಮರೆವಿನಿಂದಾಗುವ ಹಾನಿ ಜೂಜಿನ ಜಾಹೀರಾತಿಗಷ್ಟೇ ಸೀಮಿತವಲ್ಲ. ಇಂದು ಅನೇಕ ಜಮಾಅತುಗಳು ಝಕಾತ್, ಫಿತ್ರ್, ಅನಾಥ ಮಕ್ಕಳ ನಿಧಿಗಾಗಿ ತಮ್ಮ ಪುಟದಲ್ಲಿ ಕ್ಯೂಆರ್ ಚಿತ್ರವನ್ನು ಹಾಕುತ್ತವೆ. ಪುಟದ ಕೀಲಿಕೈ ಅನ್ಯರ ಪಾಲಾದರೆ ಆ ಒಂದು ಚಿತ್ರವನ್ನು ಬದಲಿಸಲು ಎರಡು ನಿಮಿಷ ಸಾಕು. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ದುಡಿಯುವ ನಮ್ಮ ಊರಿನ ಮಗ ಕಳುಹಿಸುವ ಝಕಾತಿನ ಹಣ ವಿಧವೆಯ ಮನೆಗೆ ತಲುಪದೆ ಕಳ್ಳನ ಖಾತೆಗೆ ಹೋಗುತ್ತದೆ. ಹಣ ಕಳುಹಿಸಿದವನಿಗೂ ತಿಳಿಯುವುದಿಲ್ಲ, ವಿಧವೆಗೂ ತಿಳಿಯುವುದಿಲ್ಲ. ಆ ಲೆಕ್ಕವನ್ನು ನಾಳೆ ಅಲ್ಲಾಹನ ಮುಂದೆ ಯಾರು ಒಪ್ಪಿಸುವರು?

ವರ್ಷಕ್ಕೊಮ್ಮೆ ನಾನು ಮದ್ರಸಾದ ದೊಡ್ಡ ಮಕ್ಕಳನ್ನು ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯ ಸನ್ನತಿಗೆ ಕರೆದೊಯ್ಯುತ್ತೇನೆ. ಮೌಲಾನಾ ಮಕ್ಕಳನ್ನು ಅಲ್ಲಿಗೇಕೆ ಒಯ್ಯುತ್ತಾರೆಂದು ಕೆಲವರು ಕೇಳಿದ್ದುಂಟು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವನ್ನು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆಯಲ್ಲವೇ? ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1980ರ ದಶಕದಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಚಪ್ಪಡಿಯೊಂದು ಬೆಳಕಿಗೆ ಬಂದಿತು. ಅದರ ಎರಡೂ ಬದಿಗಳಲ್ಲಿ ಸಾಮ್ರಾಟ ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಇದ್ದವು. ಪೀಠಕ್ಕಾಗಿ ಕಲ್ಲನ್ನು ಕೊರೆದಾಗ ನಡುವಿನ ಅಕ್ಷರಗಳು ನಾಶವಾಗಿದ್ದವು. ಕೊರೆದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಅವರ ಪಾಲಿಗೆ ಅದು ಗಟ್ಟಿಯಾದ ಒಂದು ಕಲ್ಲು, ಅಷ್ಟೇ.

ಆದರೂ ಅಳಿದುಹೋದ ಮಾತು ಏನಿತ್ತೆಂದು ವಿದ್ವಾಂಸರು ತಿಳಿಯಬಲ್ಲವರಾದರು. ಏಕೆಂದರೆ ಅದೇ ಶಾಸನಗಳನ್ನು ಅಶೋಕನು ದೂರದ ಬೇರೆ ಊರುಗಳಲ್ಲಿಯೂ ಕೆತ್ತಿಸಿದ್ದ. ಒಂದು ಕಡೆ ಅಳಿದದ್ದು ಇನ್ನೊಂದು ಕಡೆ ಉಳಿದಿತ್ತು. ವಾಯವ್ಯದ ಶಹಬಾಝ್‌ಗಢಿಯಲ್ಲಿ, ಅಲ್ಲಿನ ಜನ ಓದಬಲ್ಲಂತೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆಸಿದ್ದ. ನಕಲುಗಳಿರಬೇಕು, ಜನ ಓದುವ ಲಿಪಿಯಲ್ಲಿರಬೇಕು ಎಂಬ ಎರಡು ಮಾತುಗಳನ್ನು ಮಕ್ಕಳು ಆ ಕಲ್ಲಿನಿಂದಲೇ ಕಲಿಯುತ್ತಾರೆ.

ನಮ್ಮ ಇತಿಹಾಸದಲ್ಲಿಯೂ ಇದಕ್ಕಿಂತ ಉನ್ನತವಾದ ಮಾದರಿಯಿದೆ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝರು ಹುತಾತ್ಮರಾದಾಗ, ಹಝ್ರತ್ ಉಮರ್(ರ)ರ ಸಲಹೆಯಂತೆ ಹಝ್ರತ್ ಅಬೂಬಕರ್(ರ) ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಆ ಪ್ರತಿ ಕೊನೆಗೆ ಉಮ್ಮುಲ್ ಮೂಮಿನೀನ್ ಹಫ್ಸಾ(ರ)ರ ಸುಪರ್ದಿಗೆ ಬಂದಿತು. ಹಝ್ರತ್ ಉಸ್ಮಾನ್(ರ) ಅದನ್ನು ಅವರಿಂದ ಕೇಳಿ ಪಡೆದು, ನಕಲುಗಳನ್ನು ಮಾಡಿಸಿ ಬೇರೆ ಬೇರೆ ಪ್ರಾಂತಗಳಿಗೆ ಕಳುಹಿಸಿ, ಮೂಲಪ್ರತಿಯನ್ನು ಅವರಿಗೇ ಹಿಂದಿರುಗಿಸಿದರು. ಯಾರ ಬಳಿ ಇದೆಯೆಂಬುದು ಗೊತ್ತಿತ್ತು, ಕೇಳಿದಾಗ ದೊರೆಯಿತು, ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಪ್ರತಿಗಳಿದ್ದವು, ಪಡೆದದ್ದು ಮರಳಿತು. ಆ ಮಹತ್ಕಾರ್ಯಕ್ಕೂ ನಮ್ಮ ಪುಟ್ಟ ಜಾಲತಾಣಕ್ಕೂ ಹೋಲಿಕೆಯಿಲ್ಲ. ಆದರೆ ಕ್ರಮವನ್ನು ದೊಡ್ಡವರಿಂದಲೇ ಕಲಿಯಬೇಕು.

ಈ ಹಿನ್ನೆಲೆಯಲ್ಲಿ ಯಾವುದೇ ಸಾಧನವನ್ನು ಆರಿಸುವ ಮೊದಲು ಐದು ಪ್ರಶ್ನೆಗಳನ್ನು ಕೇಳಬೇಕೆಂದು ನಾನು ಸೂಚಿಸುತ್ತೇನೆ.

ಮೊದಲನೆಯದು, ಖಾತೆ ಯಾರ ಹೆಸರಿನಲ್ಲಿದೆ? ಜಮಾಅತಿಗೆಂದೇ ಒಂದು ಇಮೇಲ್ ಇರಬೇಕು. ಅದರ ಒಟಿಪಿ ಹೋಗುವ ಸಿಮ್ ಕೂಡ ಜಮಾಅತಿನದ್ದಾಗಿರಬೇಕು. ಪಾಸ್‌ವರ್ಡ್ ಗೊತ್ತಿದ್ದರೂ ಒಟಿಪಿ ಬೇರೆಯವರ ಫೋನಿಗೆ ಹೋಗುತ್ತಿದ್ದರೆ ಕೀಲಿಕೈ ನಮ್ಮದಲ್ಲ. ಮತ್ತೊಂದು ಎಚ್ಚರಿಕೆ: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಖಾತೆ ತೆರೆದು ಮರೆತರೂ ಕಳೆದುಕೊಳ್ಳುತ್ತೇವೆ.

ಎರಡನೆಯದು, ನಾವು ಬರೆದದ್ದನ್ನು ಅಲ್ಲಿಂದ ಹೊರಗೆ ಒಯ್ಯಬಹುದೇ? 1990ರ ದಶಕದಲ್ಲಿ ಲಕ್ಷಾಂತರ ಜನ ಜಿಯೋಸಿಟೀಸ್ ಎಂಬಲ್ಲಿ ಪುಕ್ಕಟೆ ಪುಟಗಳನ್ನು ಕಟ್ಟಿದರು. ಅದನ್ನು 1999ರಲ್ಲಿ ಯಾಹೂ ಕೊಂಡುಕೊಂಡಿತು, 2009ರಲ್ಲಿ ಮುಚ್ಚಿತು. ಪುಕ್ಕಟೆ ವಿಳಾಸಗಳನ್ನು ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು, 2024ರಲ್ಲಿ ಆ ವ್ಯವಹಾರದಿಂದಲೇ ಹೊರನಡೆಯುವುದಾಗಿ ಘೋಷಿಸಿತು. ಬಾಡಿಗೆ ಮನೆಗೆ ಹೋಗುವಾಗಲೇ ಸಾಮಾನು ಹೊರತರುವ ಬಾಗಿಲು ಎಷ್ಟು ಅಗಲವಿದೆಯೆಂದು ನೋಡುವುದು ಜಾಣತನ.

ಮೂರನೆಯದು, ಕನ್ನಡ ಕನ್ನಡವಾಗಿಯೇ ಉಳಿಯುತ್ತದೆಯೇ? ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಎಷ್ಟೋ ಉಪನ್ಯಾಸಗಳು ಇಂದು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಉರ್ದುವಿನ ಹಳೆಯ ಇನ್‌ಪೇಜ್ ಕಡತಗಳದ್ದೂ ಇದೇ ಕಥೆ. ಯೂನಿಕೋಡ್‌ನಲ್ಲಿ ಬರೆದದ್ದು ಎಲ್ಲೆಡೆ ಓದಲು ಬರುತ್ತದೆ. ಅದಕ್ಕಿಂತ ದೊಡ್ಡ ರೋಗವೆಂದರೆ ಎಲ್ಲವನ್ನೂ ಪೋಸ್ಟರ್ ಚಿತ್ರವಾಗಿ ಹಾಕುವುದು. ಚಿತ್ರದೊಳಗಿನ ಕನ್ನಡವನ್ನು ಹುಡುಕಲಾಗದು, ನಕಲಿಸಲಾಗದು, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳದು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಅಜ್ಜ ಉರ್ದು ಓದುತ್ತಾರೆ, ಮೊಮ್ಮಗಳು ಕನ್ನಡ ಓದುತ್ತಾಳೆ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬರೆಯಬಲ್ಲ ಸಾಧನವೇ ನಮಗೆ ಬೇಕು.

ನಾಲ್ಕನೆಯದು, ನಮ್ಮ ಪುಟದಲ್ಲಿ ಯಾರ ಜಾಹೀರಾತು ಬರುತ್ತದೆ? ಕೆಲವು ಪುಕ್ಕಟೆ ಯೋಜನೆಗಳಲ್ಲಿ ಕಂಪೆನಿಯೇ ಜಾಹೀರಾತು ಹಾಕುತ್ತದೆ. ಬಡ್ಡಿ ನಿಷಿದ್ಧವೆಂಬ ಲೇಖನದ ಕೆಳಗೆ ಬಡ್ಡಿಸಾಲದ ಜಾಹೀರಾತು ಕಾಣಿಸಿಕೊಂಡರೆ ಓದುವ ಮಗು ಯಾವುದನ್ನು ನಂಬಬೇಕು?

ಐದನೆಯದು, ಕಟ್ಟಿದವನು ಇಲ್ಲದಿದ್ದಾಗ ನಡೆಸುವವರು ಯಾರು? ಇಮಾಮರಿಗೆ, ಮದ್ರಸಾದ ಉಸ್ತಾದರಿಗೆ, ಒಬ್ಬ ಗೃಹಿಣಿಗೆ ಸಾಧಾರಣ ಮೊಬೈಲಿನಲ್ಲಿ ನಮಾಝಿನ ವೇಳೆ ತಿದ್ದಲು ಬರದಿದ್ದರೆ ಆ ಸಾಧನ ಎಷ್ಟು ಅಂದವಾಗಿದ್ದರೂ ನಮಗೆ ಹೊಂದುವುದಿಲ್ಲ.

ಈಗ ಸಾಧನಗಳ ಹೆಸರು ಹಿಡಿದು ಹೇಳುತ್ತೇನೆ. ಬ್ಲಾಗರ್ 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ಕೈಸೇರಿತು. ನೋಡಲು ಹಳೆಯ ಕಾಲದ ಹಾಗಿದೆ, ನಿಜ. ಆದರೆ ನಾವಾಗಿ ಕೇಳಿಕೊಳ್ಳದೆ ಅದು ಜಾಹೀರಾತು ಹಾಕುವುದಿಲ್ಲ. ಸ್ವಂತ ವಿಳಾಸ ಜೋಡಿಸಲು ಹಣ ಕೇಳುವುದಿಲ್ಲ, ಒಬ್ಬರಿಗಿಂತ ಹೆಚ್ಚು ನಿರ್ವಾಹಕರನ್ನು ಸೇರಿಸಬಹುದು. ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು, ಬೇಕಾದಾಗ ಅವನ್ನು ವರ್ಡ್‌ಪ್ರೆಸ್ಸಿಗೆ ಸಾಗಿಸಬಹುದು. ಚಿತ್ರಗಳನ್ನು ಮಾತ್ರ ಬೇರೆಯಾಗಿ ಉಳಿಸಿಕೊಳ್ಳಬೇಕು. ಜುಮಾ ಖುತ್ಬಾದ ಸಾರಾಂಶ, ಲೇಖನ, ಪ್ರಕಟಣೆಗಳನ್ನು ವಾರವಾರ ಹಾಕುವ ಜಮಾಅತಿಗೆ ಇದು ಸಾಕು.

ಗೂಗಲ್ ಸೈಟ್ಸ್ ಇನ್ನೂ ಸರಳ. ಕಾಗದದ ಮೇಲೆ ಬರೆದಂತೆ ಬರೆಯಬಹುದು, ಹಲವರು ಕೂಡಿ ತಿದ್ದಬಹುದು. ದಿನಾಂಕದ ಕ್ರಮದಲ್ಲಿ ಲೇಖನಗಳನ್ನು ಇಡುವ ಅನುಕೂಲ ಅದರಲ್ಲಿಲ್ಲ. ನಮಾಝಿನ ವೇಳೆ, ಮದ್ರಸಾದ ಪ್ರವೇಶ, ಕಬರಸ್ತಾನದ ನಿಯಮ, ಸಂಪರ್ಕ ಎಂಬ ನಾಲ್ಕೈದು ಸ್ಥಿರ ಪುಟಗಳು ಸಾಕೆನ್ನುವ ಸಣ್ಣ ಮಸೀದಿಗೆ ಇದು ಹೊಂದುತ್ತದೆ.

ವರ್ಡ್‌ಪ್ರೆಸ್ 2003ರಿಂದ ಇರುವ ಮುಕ್ತ ತಂತ್ರಾಂಶ, ಜಗತ್ತಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು. ಅದೇ ಹೆಸರಿನ ಎರಡು ದಾರಿಗಳಿವೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಕಂಪೆನಿಯ ಸೇವೆಯಲ್ಲಿ ಪುಕ್ಕಟೆ ಯೋಜನೆಗೆ ಜಾಹೀರಾತು ಬರುತ್ತದೆ, ಸ್ವಂತ ವಿಳಾಸಕ್ಕೆ ಹಣ ಕಟ್ಟಬೇಕು. ತಂತ್ರಾಂಶವನ್ನು ನಾವೇ ಬಾಡಿಗೆ ಸರ್ವರಿನಲ್ಲಿ ನೆಲೆಗೊಳಿಸುವುದು ಇನ್ನೊಂದು ದಾರಿ. ಅದರಲ್ಲಿ ಪೂರ್ಣ ಸ್ವಾತಂತ್ರ್ಯವಿದೆ. ಆದರೆ ಆಗಾಗ ನವೀಕರಿಸದಿದ್ದರೆ ಹ್ಯಾಕರುಗಳು ಒಳನುಗ್ಗುತ್ತಾರೆ. ತಿಂಗಳಿಗೊಮ್ಮೆ ನೋಡಿಕೊಳ್ಳುವವರು ಇಲ್ಲದ ಜಮಾಅತು ಈ ದಾರಿಗೆ ಹೋಗಬಾರದು. ಕಾವಲುಗಾರನಿಲ್ಲದ ಬಂಗಲೆಗಿಂತ ಬೀಗವಿರುವ ಕೋಣೆ ವಾಸಿ.

ವಿಕ್ಸ್, ಸ್ಕ್ವೇರ್‌ಸ್ಪೇಸ್ ಮೊದಲಾದವು ಎಳೆದು ಬಿಟ್ಟು ಅಂದಗೊಳಿಸುವ ಸಾಧನಗಳು. ವಿಕ್ಸ್ 2006ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಕಂಪೆನಿ. ಆ ಕಾರಣಕ್ಕೇ ಅದು ಬೇಡವೆನ್ನುವವರು ನಮ್ಮಲ್ಲಿದ್ದಾರೆ, ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ನನ್ನ ಆಕ್ಷೇಪ ಬೇರೆ. ಅಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿಕೊಂಡು ಬೇರೆ ಕಡೆ ನಡೆಸಲಾಗದು. ಸ್ವಂತ ವಿಳಾಸ ಬೇಕೆಂದರೆ ಹಣ ಕಟ್ಟುತ್ತಲೇ ಇರಬೇಕು, ಒಂದು ವರ್ಷ ತಪ್ಪಿದರೆ ಕಷ್ಟ. ವ್ಯಾಪಾರಿಗೆ ಅದು ಸರಿಹೋಗಬಹುದು. ಚಂದಾದಿಂದ ನಡೆಯುವ ಮದ್ರಸಾಕ್ಕೆ ಸರಿಹೋಗದು.

ಒಂದು ವಾಕ್ಯ ಹೇಳಿದರೆ ಇಡೀ ತಾಣವನ್ನು ಕಟ್ಟಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಬಂದಿವೆ. ರೂಪ ಅವು ಕೊಡಲಿ, ಮಾತು ನಮ್ಮದಾಗಿರಲಿ. ಖಾಲಿ ಜಾಗ ತುಂಬಲು ಅವು ಇಲ್ಲದ ಹದೀಸನ್ನು ಇರುವಂತೆ ಬರೆಯಬಲ್ಲವು. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಸುಳ್ಳು ಹೇಳುವುದರ ಬಗ್ಗೆ ಎಂತಹ ಕಠಿಣ ಎಚ್ಚರಿಕೆ ಇದೆಯೆಂಬುದು ನಮಗೆ ತಿಳಿದೇ ಇದೆ. ಆಲಿಮರೊಬ್ಬರು ಓದದೆ ಒಂದು ಸಾಲೂ ಪ್ರಕಟವಾಗಬಾರದು.

ಯಾವ ಸಾಧನ ಬಳಸಿದರೂ ಸ್ವಂತ ವಿಳಾಸವನ್ನು ಮಾತ್ರ ಜಮಾಅತಿನ ಹೆಸರಿನಲ್ಲಿಯೇ ಖರೀದಿಸಿರಿ. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಕೆಲವು ನೂರರಿಂದ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಮೊದಲ ವರ್ಷದ ರಿಯಾಯಿತಿ ಬೆಲೆಯನ್ನು ನೋಡಿ ಮರುಳಾಗದೆ ನವೀಕರಣದ ಬೆಲೆಯನ್ನು ವಿಚಾರಿಸಿರಿ. ವಿಳಾಸ ನಮ್ಮದಾಗಿದ್ದರೆ ನಾಳೆ ಸಾಧನ ಬದಲಿಸಿದರೂ ಜನ ಅದೇ ಬಾಗಿಲಿಗೆ ಬರುತ್ತಾರೆ.

ಇನ್ನು ಕಾಯುವ ಕ್ರಮ. ಅಲ್ ಬಕರಾ ಅಧ್ಯಾಯದ 282ನೇ ವಚನ ಕುರ್‌ಆನಿನ ಅತ್ಯಂತ ದೀರ್ಘ ವಚನ. ಅದು ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು, ಸಣ್ಣದೆಂದು ಬೇಸರಿಸಬಾರದೆಂದು ಕಲಿಸುತ್ತದೆ. ಆ ಶಿಸ್ತನ್ನು ಇಲ್ಲಿಯೂ ಪಾಲಿಸೋಣ. ಖಾತೆ ಯಾವುದು, ವಿಳಾಸ ಎಲ್ಲಿ ಖರೀದಿಸಿದ್ದು, ಅವಧಿ ಯಾವಾಗ ಮುಗಿಯುತ್ತದೆ, ಹೊಣೆಗಾರರು ಯಾರು ಎಂಬುದನ್ನು ಜಮಾಅತಿನ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿರಿ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಮುಚ್ಚಿ ದಾಖಲೆಗಳ ಪೆಟ್ಟಿಗೆಯಲ್ಲಿಡಿರಿ. ಇಬ್ಬರು ಹೊಣೆಗಾರರಿರಲಿ, ಅವರಲ್ಲಿ ಒಬ್ಬರು ಸಾಧ್ಯವಾದರೆ ಶಿಕ್ಷಿತ ಮಹಿಳೆಯಾಗಿರಲಿ. ಹಫ್ಸಾ(ರ)ರ ಮಾದರಿ ನಮ್ಮ ಮುಂದಿದೆ. ಮೇಲಾಗಿ ಉದ್ಯೋಗಕ್ಕೆಂದು ಊರು ಬಿಡುವವರು ಹೆಚ್ಚಾಗಿ ಗಂಡುಮಕ್ಕಳು.

ಪ್ರತಿವರ್ಷ ಶಅಬಾನ್ ತಿಂಗಳಲ್ಲಿ, ರಮಝಾನಿಗಾಗಿ ಮಸೀದಿಗೆ ಸುಣ್ಣ ಬಳಿಯುವ ದಿನಗಳಲ್ಲಿಯೇ ಜಾಲತಾಣವನ್ನೂ ಶುಚಿಗೊಳಿಸಿರಿ: ವಿಳಾಸವನ್ನು ಒಂದು ವರ್ಷ ಮುಂದಕ್ಕೆ ನವೀಕರಿಸುವುದು, ಬರಹಗಳ ಪ್ರತಿಯನ್ನು ಇಳಿಸಿ ಎರಡು ಪೆನ್‌ಡ್ರೈವುಗಳಲ್ಲಿ ಎರಡು ಮನೆಗಳಲ್ಲಿಡುವುದು, ಹಳೆಯ ಹೊಣೆಗಾರರ ಪ್ರವೇಶವನ್ನು ರದ್ದುಗೊಳಿಸುವುದು. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದಾದ್ದರಿಂದ ಶಅಬಾನ್ ಪ್ರತಿವರ್ಷ ಗಡುವಿಗಿಂತ ಮೊದಲೇ ಬರುತ್ತದೆ. ನಮ್ಮ ಪಂಚಾಂಗವೇ ನಮ್ಮನ್ನು ಕಾಯುತ್ತದೆ.

ಏನನ್ನು ಹಾಕಬಾರದೆಂಬುದನ್ನೂ ತಿಳಿದಿರೋಣ. ಝಕಾತ್ ಪಡೆದವರ ಹೆಸರು, ಅನಾಥ ಮಕ್ಕಳ ಭಾವಚಿತ್ರ, ನಿಕಾಹ್ ದಾಖಲೆಯ ಪ್ರತಿ ಇವು ಪ್ರದರ್ಶನದ ವಸ್ತುಗಳಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಕಲಿತವರು ಬಡವನ ಮುಖವನ್ನು ಲೋಕಕ್ಕೆಲ್ಲ ತೋರಿಸಬಾರದು.

"ವಾಟ್ಸಾಪ್ ಇರುವಾಗ ಇದೆಲ್ಲ ಏತಕ್ಕೆ?" ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಂದಿನ ಜನಾಝಾದ ಸುದ್ದಿಗೆ ವಾಟ್ಸಾಪೇ ಸರಿ. ಆದರೆ ಇಂದು ಸೇರಿದವರಿಗೆ ನಿನ್ನೆಯ ಬಹುಪಾಲು ಸಂದೇಶಗಳು ಕಾಣುವುದಿಲ್ಲ. ಮದುವೆಯಾಗಿ ಚಿಂಚೋಳಿಯಿಂದ ನಮ್ಮ ಊರಿಗೆ ಬಂದ ಸೊಸೆಗೆ ಮಕ್ಕಳ ಮದ್ರಸಾ ಪ್ರವೇಶದ ನಿಯಮ ಬೇಕಾದಾಗ ಯಾವ ಗ್ರೂಪಿನಲ್ಲಿ ಹುಡುಕಬೇಕು? 2025ರ ಜೂನ್ 6ರಂದು ಕೇಂದ್ರ ಸರ್ಕಾರ ವಕ್ಫ್ ಆಸ್ತಿಗಳ ವಿವರ ದಾಖಲಿಸಲು ಉಮೀದ್ ಪೋರ್ಟಲ್ ಆರಂಭಿಸಿ ಆರು ತಿಂಗಳ ಅವಧಿ ಕೊಟ್ಟಾಗ, ಕಾಗದಗಳು ಯಾರ ಮನೆಯ ಯಾವ ಪೆಟ್ಟಿಗೆಯಲ್ಲಿವೆಯೆಂದು ಹುಡುಕುತ್ತ ಅಲೆದವರನ್ನು ನಾನು ಕಂಡಿದ್ದೇನೆ. ಎಲ್ಲವನ್ನೂ ಒಬ್ಬರ ಬಳಿ ಬಿಟ್ಟು ನಿಶ್ಚಿಂತರಾಗಿರುವ ಅಭ್ಯಾಸ ಕಂಪ್ಯೂಟರಿಗಿಂತ ಹಳೆಯದು.

"ಹಾಗಾದರೆ ಕೆಲಸ ಬಲ್ಲವರಿಗೆ ಹಣ ಕೊಟ್ಟು ಮಾಡಿಸೋಣ" ಎಂದು ಇನ್ನೊಬ್ಬರು ಹೇಳಿದರು. ಖಂಡಿತ ಮಾಡಿಸಬಹುದು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬುದು ಪ್ರವಾದಿವಚನದ ಬೋಧನೆ. ನಮ್ಮ ಹುಡುಗರಿಂದ ಸವಾಬಿನ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಂಡು, ಕೆಟ್ಟಾಗ ಅವರನ್ನೇ ದೂರುವುದು ನ್ಯಾಯವಲ್ಲ. ಕಟ್ಟುವವರು ಕಟ್ಟಲಿ, ಕೂಲಿ ಪಡೆಯಲಿ. ಕೆಲಸ ಮುಗಿದ ದಿನ ಕೀಲಿಕೈ ಜಮಾಅತಿನ ಕೈಗೆ ಬರಲಿ.

ಆ ಊರಿನವರು ಈಗ ಹೊಸ ವಿಳಾಸದಲ್ಲಿ ಬ್ಲಾಗರ್‌ನ ಒಂದು ಸಾದಾ ಪುಟ ಮಾಡಿಕೊಂಡಿದ್ದಾರೆ. ಅಂದು ಬೈಸಿಕೊಂಡ ಹುಡುಗಿಯೇ ಇಬ್ಬರು ಹೊಣೆಗಾರರಲ್ಲಿ ಒಬ್ಬಳು. ನಮ್ಮ ಮಸೀದಿಗಳ ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲಿನಂತೆ ಅದರಲ್ಲಿ ಅಲಂಕಾರವಿಲ್ಲ. ಸುಜೂದ್ ಮಾಡಲು ಆ ಕಲ್ಲು ಸಾಕಾಗಿದೆಯಲ್ಲವೇ? ಹಳೆಯ ವಿಳಾಸ ಮಾತ್ರ ಇಂದಿಗೂ ಮರಳಿ ದೊರೆತಿಲ್ಲ. ಆ ಹೆಸರನ್ನು ಯಾರೂ ತೆರೆಯಬಾರದೆಂದು ಇಮಾಮರು ಜುಮಾದ ನಂತರ ಆಗಾಗ ನೆನಪಿಸುತ್ತಾರೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ಶುಕ್ರವಾರ ನಮಾಝಿನ ನಂತರ ನಿಮ್ಮ ಜಮಾಅತಿನ ಹಿರಿಯರನ್ನು ವಿನಯದಿಂದ ಕೇಳಿರಿ: ನಮ್ಮ ಜಾಲತಾಣದ ಕೀಲಿಕೈ ಯಾರ ಬಳಿ ಇದೆ? ಉತ್ತರ ತಕ್ಷಣ ಬಂದರೆ ಅಲ್ಲಾಹನನ್ನು ಸ್ತುತಿಸಿರಿ. ಬರದಿದ್ದರೆ ಅಂದೇ ಕುಳಿತು ಹುಡುಕಿರಿ. ನಮಗೆ ವಹಿಸಲಾದ ಅಮಾನತ್ತುಗಳನ್ನು ಕಾಪಾಡುವ ಸಾಮರ್ಥ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.